ಮೂವತ್ತನಾಲ್ಕನೇ ನಂಬರು

ಪಕೀರಪ್ಪನಿಗೆ ‘ಅದೀನ್ರಿ’ ಎಂಬ ಅಡ್ಡಹೆಸರು ಇಟ್ಟವನು ನಾನು. ಆಮೇಲೆ ಕ್ಲಾಸಿನಲ್ಲಿ ನಾಲ್ಕೈದು ಜನ ಅದು ತಮ್ಮ ಕಿತಾಪತಿ ಎಂದು ಹೇಳಿಕೊಂಡು ಮೆರೆದರು. ಮೆರೆಯಲಿ. ಇಟ್ಟವನು ನಾನೇ, ದೇವದುರ್ಗದ ವೆಂಕೋಬ.

೧೯೭೮ರ ಜುಲೈ. ಪಿಯುಸಿ ಸೇರಲು ರಾಯಚೂರಿಗೆ ಹೊರಟ ದಿನ ಬಸ್ಸಿನಲ್ಲಿ ಪರಿಚಯವಾದವನು ಅರಕೇರಾದ ಪಕೀರಪ್ಪ. ಮೊಣಕಾಲ ಮೇಲೆ ತಗಡಿನ ಟ್ರಂಕು ಇಟ್ಟುಕೊಂಡು ಅದರ ಮೇಲೆಯೇ ಬುತ್ತಿ ಬಿಚ್ಚಿದ. ರೊಟ್ಟಿ, ಶೇಂಗಾ ಹಿಂಡಿ. ಅರ್ಧ ಮುರಿದು ನನ್ನ ಕೈಗಿಟ್ಟ.

“ತಿನ್ನೋ. ನಮ್ಮವ್ವ ಮಾಡ್ಯಾಳ. ರಾಯಚೂರಾಗ ಯಾರು ಕರೆದು ಕೊಡ್ತಾರ?”

ಅಡ್ಮಿಷನ್ ಸಾಲಿನಲ್ಲೂ ಒಟ್ಟಿಗೇ ನಿಂತೆವು. ನನ್ನ ಅಂಕಪಟ್ಟಿಯ ನಕಲಿಗೆ ಸಾಹೇಬರೊಬ್ಬರ ಸಹಿ ಇಲ್ಲವೆಂದು ಗುಮಾಸ್ತ ವಾಪಸು ಕಳಿಸಿದ. ಸಹಿ, ಸಿಕ್ಕಾ ಮಾಡಿಸಿಕೊಂಡು ಬರಲು ಎರಡು ತಾಸು ಹಿಡಿಯಿತು. ಅಷ್ಟು ಹೊತ್ತೂ ಪಕೀರಪ್ಪ ತನ್ನ ಸರದಿ ಬಂದರೂ ಹಿಂದಿನವರನ್ನು ಮುಂದೆ ಬಿಡುತ್ತ, ಬಿಸಿಲಲ್ಲಿ ನನಗಾಗಿ ಜಾಗ ಹಿಡಿದು ನಿಂತಿದ್ದ. ಹಾಗಾಗಿಯೇ ಅವನ ನಂಬರು ಮೂವತ್ತನಾಲ್ಕು, ನನ್ನದು ಮೂವತ್ತೈದು. ಅವನಿಗೆ ಸರ್ಕಾರಿ ಹಾಸ್ಟೆಲ್ಲು, ನನಗೆ ಸೋದರಮಾವನ ಮನೆ.

ಮೊದಲ ದಿನ ಇಂಗ್ಲಿಷ್ ಕ್ಲಾಸು. ಹಾಜರಿ ತೆಗೆದುಕೊಳ್ಳುತ್ತಿದ್ದುದು ಆ ಒಂದು ಪಿರಿಯಡ್ಡಿನಲ್ಲಿ ಮಾತ್ರ. ಮೈಸೂರು ಕಡೆಯ ಲೆಕ್ಚರರ್ ನಂಬರು ಕೂಗುತ್ತ ಹೋದರು. ರಾಯಚೂರಿನ ಹುಡುಗರು “ಎಸ್ ಸರ್”, “ಪ್ರೆಸೆಂಟ್ ಸರ್” ಎಂದು ಚುರುಕಾಗಿ ಹೇಳುತ್ತಿದ್ದರು. ಮೂವತ್ತನಾಲ್ಕು ಬಂತು. ಪಕೀರಪ್ಪ ಎದ್ದು ನಿಂತು, ಕೈಕಟ್ಟಿಕೊಂಡು, ಗಟ್ಟಿಯಾಗಿ ಹೇಳಿದ:

“ಅದೀನ್ರಿ!”

ಲೆಕ್ಚರರ್ ತಲೆಯೆತ್ತಿದರು. “ಏನಂದೆ? ಎಲ್ಲಿದ್ದೀಯ?”

“ಇಲ್ಲೇ ಅದೀನ್ರಿ ಸರ್.”

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನು ನಗಲಿಲ್ಲ, ಬೆವರಿದೆ. ಏಕೆಂದರೆ ಒಂದನೇ ಇಯತ್ತೆಯಿಂದ ಹತ್ತನೆಯವರೆಗೆ ನಾನೂ ‘ಇದ್ದೇನೆ’ ಎನ್ನುವುದಕ್ಕೆ “ಅದೀನ್ರಿ” ಅನ್ನುತ್ತಲೇ ಬಂದವನು. ನಾಲಿಗೆಯ ತುದಿಯಲ್ಲಿ ಅದೇ ಮಾತು ಸಿದ್ಧವಾಗಿತ್ತು. ನನ್ನ ನಂಬರು ಮೊದಲು ಬಂದಿದ್ದರೆ ಆ ನಗು ನನ್ನ ಪಾಲಿನದು. ಮೂವತ್ತೈದು ಎಂದ ಕೂಡಲೇ ಹುಟ್ಟಿದಾಗಿನಿಂದ ಬಲ್ಲವನಂತೆ “ಪ್ರೆಸೆಂಟ್ ಸರ್” ಎಂದೆ.

ಅವತ್ತು ಸಂಜೆ ತೀನ್ ಕಂದೀಲ್ ಸರ್ಕಲ್ಲಿನ ಹತ್ತಿರದ ಹೋಟೆಲ್ಲಿನಲ್ಲಿ ಅಲ್ಲಾಉದ್ದೀನ್ ಮತ್ತು ವಿರೂಪಣ್ಣ ಮಿರ್ಚಿ ಭಜಿ ತಿನ್ನುತ್ತ ಕುಳಿತಿದ್ದರು. ಇಬ್ಬರೂ ರಾಯಚೂರಿನವರು, ನಮ್ಮದೇ ಕ್ಲಾಸು. ಒಬ್ಬನಿಗೆ ಸೈಕಲ್ಲು, ಇನ್ನೊಬ್ಬನಿಗೆ ಕೈಗಡಿಯಾರ. ಅವರ ಜೊತೆ ಕೂರಬೇಕೆಂದು ನನಗೆ ಎಷ್ಟು ಆಸೆಯಿತ್ತೆಂದರೆ, ಮೂರು ಸಲ ಅದೇ ಬಾಗಿಲ ಮುಂದೆ ಹಾದುಹೋದೆ. ಕೊನೆಗೆ ಒಳಗೆ ಹೋಗಿ, ಏನು ಮಾತಾಡಬೇಕೆಂದು ತಿಳಿಯದೆ, “ಅದೀನ್ರಿ ಬಂದಿಲ್ಲೇನು ಇಲ್ಲಿ?” ಎಂದೆ. ಕೈಕಟ್ಟಿ ನಿಂತು ತೋರಿಸಿಯೂ ತೋರಿಸಿದೆ.

ಅಲ್ಲಾಉದ್ದೀನನ ಮೂಗಿಗೆ ಚಹಾ ಹತ್ತಿತು. “ಬಾರಲೇ, ಕುಂದ್ರು! ಯಾವೂರು ನಿಂದು?” ಎಂದು ಪಕ್ಕಕ್ಕೆ ಸರಿದ. ವಿರೂಪಣ್ಣ ಇನ್ನೊಂದು ಪ್ಲೇಟು ಮಿರ್ಚಿ ಹೇಳಿದ. ನನಗೆ ಗೆಳೆಯರು ಸಿಕ್ಕಿದ್ದು ಹೀಗೆ. ಮಿರ್ಚಿ ಬಹಳ ರುಚಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮರುದಿನದಿಂದ ಮೂವತ್ತನಾಲ್ಕು ಎಂದ ಕೂಡಲೇ ಹಿಂದಿನ ಬೆಂಚುಗಳು ಕಿಸಿಕಿಸಿ ಅನ್ನತೊಡಗಿದವು. ಪಕೀರಪ್ಪ ಒಮ್ಮೆ ಧೈರ್ಯ ಮಾಡಿ “ಪ್ರೆಸೆಂಟ್” ಅನ್ನಲು ಹೋದ. ಅದು “ಪರಜಂಟ” ಆಯಿತು. ಅವತ್ತಿನ ನಗು ಮೊದಲ ದಿನದ್ದಕ್ಕಿಂತ ಜೋರು. ಅಲ್ಲಿಗೆ ಅವನ ಬಾಯಿ ಕಟ್ಟಿತು. ನಂಬರು ಕೂಗುವಾಗ ತಲೆತಗ್ಗಿಸಿ, ಬೆಂಚಿನ ಮೇಲೆ ಉಗುರಿನಿಂದ ಗೀರುತ್ತ ಕುಳಿತುಬಿಡುತ್ತಿದ್ದ. ಲೆಕ್ಚರರ್ ಕಣ್ಣೆತ್ತದೆ ಗೈರುಹಾಜರಿ ಹಾಕುತ್ತಿದ್ದರು. ನೂರಿಪ್ಪತ್ತು ಹುಡುಗರಲ್ಲಿ ಯಾರು ಇದ್ದಾರೆ, ಯಾರು ಇಲ್ಲ ಎಂದು ಅವರಿಗಾದರೂ ಹೇಗೆ ಗೊತ್ತಾಗಬೇಕು?

ಎರಡು ವಾರ ಹೀಗೇ ನಡೆಯಿತು. ಮೂರನೇ ವಾರದ ಸೋಮವಾರ ಪಕೀರಪ್ಪ ನೀರಿನ ನಲ್ಲಿಯ ಬಳಿ ನನ್ನನ್ನು ಹಿಡಿದ.

“ವೆಂಕೋಬ, ಒಂದ್ ಮಾತು. ಹಾಸ್ಟೆಲ್ಲಿನ ವಾರ್ಡನ್ ಹಾಜರಿ ಪಟ್ಟಿ ತರಿಸ್ಯಾನ. ಹಾಜರಿ ಇಲ್ದವ್ರ ಸೀಟು ತೆಗೀತೀನಿ ಅಂತಾನ. ಮಾನ್ವಿ ಹುಡುಗ ಒಬ್ಬಾವ ನನ್ನ ಸೀಟಿಗೆ ಕಾಯಾಕತ್ತಾನ.”

“ನೀ ದಿನಾ ಬರ್ತೀಯಲ್ಲೋ. ಹಂಗಂತ ವಾರ್ಡನ್ನಗ ಹೇಳಬಾರದೇನು?”

“ಹೇಳೀನಿ. ಈ ವಾರ ಪೂರ್ತಿ ಹಾಜರಿ ಇದ್ರ ಸೀಟು ಇಡ್ತೀನಿ ಅಂದಾನ. ನನಗ ಬಾಯಿ ಏಳವಲ್ದೋ. ನಿನ್ನ ನಂಬರ್ ನನ್ನ ಹಿಂದೇ ಅದ. ನನ್ನ ನಂಬರ್ ಬಂದಾಗ ನೀನೇ ಒಂದ್ ಸಲ ಪ್ರೆಸೆಂಟ್ ಅಂದುಬಿಡು. ಐದೇ ದಿನ.”

ಕ್ಲಾಸಿನಲ್ಲೇ ಕುಳಿತಿರುವವನು ತನ್ನ ಹಾಜರಿಯನ್ನು ಇನ್ನೊಬ್ಬನ ಬಾಯಲ್ಲಿ ಹೇಳಿಸುವಂತಾದುದಕ್ಕೆ ಯಾರು ಕಾರಣ ಎಂಬುದು ಅವನಿಗೆ ಗೊತ್ತಿರಲಿಲ್ಲ. ನಾನು “ಆಗಲಿ ಬಿಡೋ” ಎಂದು ಅವನ ಹೆಗಲು ತಟ್ಟಿದೆ. ಅವನ ಮುಖ ಅರಳಿತು.

ಮಂಗಳವಾರ ಬಾಯಿ ತೆರೆದೆ. ಸರಿಯಾಗಿ ಆಗಲೇ ವಿರೂಪಣ್ಣ ನನ್ನ ಕಡೆ ತಿರುಗಿ ಕಣ್ಣು ಹೊಡೆದ. ತೆರೆದ ಬಾಯಿಂದ ಕೆಮ್ಮಿದೆ. ಬುಧವಾರ ಕೆಮ್ಮೂ ಬರಲಿಲ್ಲ. ಮೂವತ್ತನಾಲ್ಕು ಎಂದಾಗಲೆಲ್ಲ ಪಕೀರಪ್ಪ ನನ್ನತ್ತ ನೋಡುತ್ತಿದ್ದ. ನಾನು ಕಿಟಕಿಯಾಚೆ ನೋಡುತ್ತಿದ್ದೆ. ಅವನು ಬೈದಿದ್ದರೆ ಚೆನ್ನಾಗಿತ್ತು. ಗುರುವಾರ ಹೊರಗೆ ಸಿಕ್ಕಾಗ, “ಮರೆತಿ ಏನು? ನಾಳೆ ಅನ್ನು” ಎಂದು ತಾನೇ ನನಗೊಂದು ನೆಪ ಒದಗಿಸಿಕೊಟ್ಟ. ಶುಕ್ರವಾರ ನಾನು ಮತ್ತೆ ಸುಮ್ಮನಿದ್ದೆ. ಶನಿವಾರ ಅವನು ನನ್ನತ್ತ ನೋಡಲೇ ಇಲ್ಲ.

ಆ ಭಾನುವಾರ ಊಟಕ್ಕೆ ಕುಳಿತೆ. ತಟ್ಟೆಯ ರೊಟ್ಟಿ ನೋಡಿ ಬಸ್ಸಿನಲ್ಲಿ ಪಕೀರಪ್ಪ ಮುರಿದುಕೊಟ್ಟ ಅರ್ಧ ರೊಟ್ಟಿ ನೆನಪಾಯಿತು. ನಾಳೆ ಯಾರು ನಕ್ಕರೂ ಸರಿ, ಅವನ ನಂಬರಿಗೆ ಪ್ರೆಸೆಂಟ್ ಅಂದೇ ಬಿಡುತ್ತೇನೆ, ಆಮೇಲೆ ವಾರ್ಡನ್ ಹತ್ತಿರವೂ ಹೋಗಿ ಸಾಕ್ಷಿ ಹೇಳುತ್ತೇನೆ ಎಂದು ತೀರ್ಮಾನ ಮಾಡಿದೆ. ಸೋಮವಾರ ಬೇಗ ಹೋಗಿ ಕುಳಿತೆ. ಅವನ ಜಾಗ ಖಾಲಿ ಇತ್ತು. ತಡವಾಗಿರಬೇಕು, ಅವನು ಬರುವಷ್ಟರಲ್ಲಿ ಹಾಜರಿ ಬಿದ್ದಿರಲಿ ಎಂದುಕೊಂಡೆ.

ಮೂವತ್ತೆರಡು. ಮೂವತ್ತಮೂರು. ನಾನು ಉಸಿರು ತೆಗೆದುಕೊಂಡೆ.

“ಮೂವತ್ತೈದು.”

ಎದ್ದು ನಿಂತಿದ್ದೆ. ಹೇಳಬೇಕೆಂದು ರಾತ್ರಿಯೆಲ್ಲ ಕಾದಿಟ್ಟುಕೊಂಡಿದ್ದ ಮಾತು ಜಾರಿ, ಅದರ ಅಡಿಯಲ್ಲಿದ್ದ ಹಳೆಯ ಮಾತು ಹೊರಬಿತ್ತು.

“ಅದೀನ್ರಿ!”

ಕ್ಲಾಸು ಹೋ ಎಂದಿತು. ಅಲ್ಲಾಉದ್ದೀನ್ ಬೆಂಚು ಬಡಿದ. ನಾನು ಕೂರಲಿಲ್ಲ.

“ಸರ್, ಮೂವತ್ತನಾಲ್ಕು ಕರೀಲಿಲ್ರಿ.”

“ಆ ಹುಡುಗನಾ? ಹಾಸ್ಟೆಲ್ ಸೀಟು ಹೋಯ್ತಂತೆ. ಶನಿವಾರವೇ ಟಿ.ಸಿ. ತಗೊಂಡು ಹೋದ” ಎಂದರು ಲೆಕ್ಚರರ್. “ಮೊದಲೆರಡು ದಿನ ಬಿಟ್ರೆ ಕ್ಲಾಸಿಗೇ ಬರಲಿಲ್ಲ ಅನ್ಸುತ್ತೆ.”

“ದಿನಾ ಬರ್ತಿದ್ದ ಸರ್. ಇಲ್ಲೇ ಕುಂದರ್ತಿದ್ದ.”

ಮೂರು ವಾರದಲ್ಲಿ ಅವನ ಪರವಾಗಿ ನನ್ನ ಬಾಯಿಂದ ಬಂದ ಮೊದಲ ಮಾತು ಅದು. ಅವರು ನನ್ನನ್ನೊಮ್ಮೆ, ಖಾಲಿ ಜಾಗವನ್ನೊಮ್ಮೆ ನೋಡಿದರು. ಆಮೇಲೆ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಹಾಜರಿ ಹಾಕಿ, ಮೂವತ್ತಾರು ಎಂದು ಕೂಗಿದರು.