ಅಣ್ಣ ತೀರಿಕೊಂಡ ಕೋಣೆ

ಅಣ್ಣನ ಉಯಿಲು ಇನ್ನೂ ಕೋರ್ಟಿನಲ್ಲಿತ್ತು. ಮನೆ ಮಾರುವ ಹೊಣೆಯನ್ನು ಅವನು ನನ್ನ ಹೆಸರಿಗೇ ಬರೆದಿಟ್ಟಿದ್ದ. ಕೋರ್ಟಿನ ಅಪ್ಪಣೆ ಬರುವ ಮೊದಲೇ ಅವನ ಮಗ ಗಿರಾಕಿಯೊಬ್ಬನನ್ನು ಕರೆತಂದ.

"ಅತ್ತೆ, ಅಪ್ಪ ಆಸ್ಪತ್ರೇಲಿ ಹೋದ್ರು ಅಂತ ಹೇಳಿಬಿಡಿ. ಮನೇಲೇ ಸತ್ರು ಅಂದ್ರೆ ಯಾರೂ ತಗೊಳ್ಳಲ್ಲ," ಎಂದು ಬಾಗಿಲಲ್ಲೇ ಪಿಸುಗುಟ್ಟಿದ.

ನಾನು ಗಿರಾಕಿಯನ್ನು ನೇರವಾಗಿ ಆ ಕೋಣೆಗೇ ಕರೆದೊಯ್ದೆ.

"ನಮ್ಮಣ್ಣ ಇಲ್ಲೇ, ನನ್ನ ಕೈ ಹಿಡಕೊಂಡು, ದೇವರ ಹೆಸರು ಹೇಳ್ತಾ ಪ್ರಾಣ ಬಿಟ್ಟ," ಎಂದೆ.

ಗಿರಾಕಿ ಗಡಿಯಾರ ನೋಡಿಕೊಂಡು ಹೊರಟುಹೋದ.

"ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದ್ರಲ್ಲ! ಇನ್ನು ಬರೋರಿಗೂ ಹೀಗೇ ಹೇಳ್ತೀರಾ?" ಎಂದು ಸೋದರಳಿಯ ಕೂಗಾಡಿದ.

"ಹೇಳ್ತೀನಿ. ಅಂಥಾ ಸಾವು ಕೊಡಪ್ಪಾ ಅಂತ ಜನ ದೇವರನ್ನ ಬೇಡ್ತಾರೆ ಕಣೋ. ಅದನ್ನ ಕಳ್ಳಮಾಲಿನ ಥರ ಬಚ್ಚಿಡ್ಬೇಕಾ? ಅಪ್ಪಣೆ ಬರಲಿ. ಇದನ್ನ ಕೇಳಿಯೂ ಬೇಕು ಅನ್ನೋನಿಗೇ ರುಜು ಹಾಕಿಕೊಡ್ತೀನಿ."