ಚಿನ್ನಯ್ಯ ಮಾವನ ಚಿನ್ನದ ಮದ್ದು

‘ಕ್ಯಾನ್ಸರ್ ಸುಡುವ ಬೆಳಕು: ವಾಮದಪದವಿನ ಯುವತಿಯ ಸಾಧನೆ’ ಎಂದು ಪತ್ರಿಕೆಯಲ್ಲಿ ಬಂದ ದಿನ, ಅದು ತಪ್ಪು ಎಂದು ನಾನು ಯಾರಿಗೂ ಹೇಳಲಿಲ್ಲ. ಬದಲಿಗೆ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ. ಫೋಟೋದಲ್ಲಿ ನಾನು ಬಿಳಿ ಕೋಟು ತೊಟ್ಟು, ಖಾಲಿ ಗಾಜಿನ ನಳಿಕೆಯೊಂದನ್ನು ಗಂಭೀರವಾಗಿ ದಿಟ್ಟಿಸುತ್ತಿದ್ದೆ.

ನಿಜ ಸಂಗತಿ ಇಷ್ಟೇ. ನಾನು ಮೂಡುಬಿದಿರೆಯಲ್ಲಿ ಪಿಎಚ್‌ಡಿ ಮಾಡುತ್ತಿರುವ ದೀಕ್ಷಿತಾ. ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಡ್ಡಿಗಳನ್ನು ನೀರಿನಲ್ಲಿ ತಯಾರಿಸುತ್ತೇನೆ. ಲೇಸರ್ ಬಿಟ್ಟರೆ ಅವು ಬಿಸಿಯಾಗಬೇಕು. ಇಂಥ ಕಣಗಳನ್ನು ಗಡ್ಡೆಯೊಳಗೆ ಸೇರಿಸಿ, ಹೊರಗಿನಿಂದ ಬೆಳಕು ಹಾಯಿಸಿ, ಗಡ್ಡೆಯನ್ನಷ್ಟೇ ಬೇಯಿಸಬಹುದೇ ಎಂದು ಜಗತ್ತಿನಲ್ಲಿ ಎಷ್ಟೋ ಮಂದಿ ಹುಡುಕುತ್ತಿದ್ದಾರೆ. ನನ್ನ ಕಡ್ಡಿಗಳೋ ಬಿಸಿಯಾಗುವ ಬದಲು ನಳಿಕೆಯ ತಳದಲ್ಲಿ ಮಡ್ಡಿ ಕಟ್ಟಿ ಕೂರುತ್ತಿದ್ದವು.

ಆ ವಾರವೇ ಮೆಲ್ಕಾರಿನಿಂದ ಕಾಂತಿ ಅತ್ತೆಯ ಫೋನ್ ಬಂತು. ಅವರ ಗಂಡ ಚಿನ್ನಯ್ಯ ಮಾವ ನನ್ನ ಅಮ್ಮನ ಅಣ್ಣ. ಅಲ್ಲಿ ಹೋಟೆಲ್ ನಡೆಸುತ್ತಾರೆ. ಅವರ ಕೆನ್ನೆಯೊಳಗಿನ ಹುಣ್ಣು ಕ್ಯಾನ್ಸರ್ ಎಂದು ಗೊತ್ತಾಗಿತ್ತು. ಬೇಗ ಆಪರೇಷನ್ ಮಾಡಿಸಿದರೆ ಗುಣವಾಗುವ ಸಾಧ್ಯತೆ ಹೆಚ್ಚೆಂದು ಮಂಗಳೂರಿನ ಡಾಕ್ಟರ್ ಹೇಳಿದ್ದರು.

“ಇವರು ಒಪ್ಪುವುದೇ ಇಲ್ಲ ಮಾರಾಯ್ತಿ. ತಂಗಿಯ ಮಗಳೇ ಮದ್ದು ಕಂಡುಹಿಡಿದಿರುವಾಗ ಕೊಯ್ಯುವುದು ಯಾಕೆ ಅಂತಾರೆ. ನೀನೇ ಬಂದು ಹೇಳು.”

ನಾನು ಸಿಕ್ಕಿದ ಬಸ್ಸು ಹತ್ತಿದೆ. ಮಾವ ಹೋಟೆಲಿನ ಕೌಂಟರಿನಲ್ಲಿ ಕುಳಿತಿದ್ದರು. ಅವರ ಹಿಂದಿನ ಗೋಡೆಯಲ್ಲಿ, ಫ್ರೇಮು ಹಾಕಿಸಿದ ಪತ್ರಿಕೆಯ ಫೋಟೋದೊಳಗೆ, ನಾನು ನಳಿಕೆ ದಿಟ್ಟಿಸುತ್ತಿದ್ದೆ.

“ಮಾವ, ಅದನ್ನು ಮನುಷ್ಯರಿಗೆ ಕೊಡುವ ಹಾಗಿಲ್ಲ. ನಾನು ಇಲಿಗೂ ಕೊಟ್ಟಿಲ್ಲ.”

“ಇಲಿಗೆ ಎಂಥ ಚಿನ್ನ? ನನಗೆ ಕೊಡು. ಹೆಸರೇ ಚಿನ್ನಯ್ಯ!”

“ನನಗೆ ಅಷ್ಟೆಲ್ಲ ಬರುವುದಿಲ್ಲ ಮಾವ.”

“ಕಲಿತವರು ಹಾಗೆಯೇ ಹೇಳುವುದು.”

ಜೀವನದಲ್ಲಿ ಮೊದಲ ಬಾರಿಗೆ ವಿನಯ ತೋರಿಸಿದ್ದೆ. ಅದನ್ನು ಯಾರೂ ನಂಬಲಿಲ್ಲ. ಬೇರೆ ದಾರಿ ಕಾಣದೆ, ನನ್ನ ಪ್ರಯೋಗ ಕೆಡುವುದನ್ನು ಅವರಿಗೆ ಕಣ್ಣಾರೆ ತೋರಿಸಲು ನಿರ್ಧರಿಸಿದೆ. ಆ ವಿಷಯದಲ್ಲಿ ನನಗೆ ನನ್ನ ಮೇಲೆ ಪೂರ್ತಿ ಭರವಸೆಯಿತ್ತು.

ಮರುದಿನ ಇಬ್ಬರೂ ಲ್ಯಾಬಿಗೆ ಬಂದರು. ಎಲ್ಲರೂ ರಕ್ಷಣೆಯ ಕನ್ನಡಕ ಹಾಕಿಕೊಂಡೆವು. ನಾನು ಲೇಸರ್ ಹಚ್ಚಿದೆ.

“ಬೆಳಕು ಎಲ್ಲಿ ಉಂಟು?” ಮಾವ ಕೇಳಿದರು.

“ಈ ಬೆಳಕು ಕಣ್ಣಿಗೆ ಕಾಣುವುದಿಲ್ಲ.”

“ಚಿನ್ನ?”

“ಅದೂ ಕಾಣುವುದಿಲ್ಲ.”

ಮಾವ ಅತ್ತೆಯ ಮುಖ ನೋಡಿದರು. ನನ್ನ ಕೆಲಸ ಅರ್ಧ ಮುಗಿಯಿತೆಂದುಕೊಂಡೆ. ಅಷ್ಟರಲ್ಲಿ ಉಷ್ಣಮಾಪಕದ ಅಂಕಿ ಏರತೊಡಗಿತು. ಮೂವತ್ತು, ನಲವತ್ತು, ಐವತ್ತು ದಾಟಿತು. ನನ್ನ ಗೈಡ್ ಬೈದರೂ ಬೇಡಿದರೂ ಏರದಿದ್ದದ್ದು, ಏರಬಾರದ ಆ ದಿನ ನಿಲ್ಲದೆ ಏರಿತು. ಬೇರೆ ಯಾವ ದಿನವಾದರೂ ನಾನು ಕುಣಿಯುತ್ತಿದ್ದೆ.

ಮಾವ ಚಪ್ಪಾಳೆ ತಟ್ಟಿದರು. “ಹಿಡಿ, ನನ್ನ ಕೆನ್ನೆಗೆ ಹಿಡಿ!”

ನಾನು ಲೇಸರ್ ಆರಿಸಿದೆ.

“ಮಾವ, ಇದು ಬರೀ ಬಿಸಿನೀರು. ಯಾವುದು ಗಡ್ಡೆ, ಯಾವುದು ಒಳ್ಳೆಯ ಮಾಂಸ ಅಂತ ಇದಕ್ಕೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಆ ಡಾಕ್ಟರಿಗೆ ಗೊತ್ತುಂಟು. ಪೇಪರಿನಲ್ಲಿ ಬಂದದ್ದು ಸುಳ್ಳು. ಗೊತ್ತಿದ್ದೇ ನಾನು ಗುಂಪಿಗೆ ಹಾಕಿದ್ದು.”

ಅಳು ಬಂತು. ಕನ್ನಡಕದ ಒಳಗೆಲ್ಲ ಮಂಜು ಕಟ್ಟಿ ಮಾವ ಕಾಣಿಸಲಿಲ್ಲ. ಅವರ ದನಿ ಮಾತ್ರ ಕೇಳಿಸಿತು.

“ನನಗೆ ಹೆದರಿಕೆ ಆಗ್ತದೆ ಮಗಾ. ಬಾಯಿ ಕೊಯ್ದ ಮೇಲೆ ಮಾತಾಡಲಿಕ್ಕೆ ಆಗ್ತದಾ?”

ಹೋಟೆಲ್ ತುಂಬ ಮಾತಾಡುತ್ತಲೇ ಬದುಕಿದ ಮನುಷ್ಯ. ಅವರಿಗೆ ಯಾವುದರ ಹೆದರಿಕೆ ಎಂದು ನಾವ್ಯಾರೂ ವಿಚಾರಿಸಿರಲಿಲ್ಲ.

“ಗೊತ್ತಿಲ್ಲ ಮಾವ. ಡಾಕ್ಟರ ಹತ್ತಿರ ಕೇಳುವ. ನಾನೂ ಬರ್ತೇನೆ.”

ಡಾಕ್ಟರ್ ಚಿತ್ರ ಬರೆದು ಎಲ್ಲವನ್ನೂ ವಿವರಿಸಿದರು. ಮಾವ ಒಪ್ಪಿದರು. ಆಪರೇಷನ್ ಆಯಿತು, ರೇಡಿಯೇಷನ್ ಆಯಿತು. ಮಾತು ಸ್ವಲ್ಪ ತೊದಲುತ್ತದೆ. ಆದರೂ ಅಡುಗೆಮನೆಗೆ ಕೂಗುವುದು ಪಕ್ಕದ ಪಾಣೆಮಂಗಳೂರಿನವರೆಗೆ ಕೇಳಿಸುತ್ತದೆಂದು ಅತ್ತೆಯ ದೂರು.

ರೇಡಿಯೇಷನ್ನಿನ ನಂತರ ಬಾಯಿ ಬಿಗಿಯದಂತೆ ಮಾವನ ಹಲ್ಲುಗಳ ನಡುವೆ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು ವ್ಯಾಯಾಮ ಮಾಡಿಸಬೇಕು. ಭಾನುವಾರ ಮೆಲ್ಕಾರಿಗೆ ಹೋಗಿ ಅದನ್ನು ನಾನೇ ಮಾಡಿಸುತ್ತೇನೆ. ಕ್ಯಾನ್ಸರ್ ರೋಗಿಯೊಬ್ಬರಿಗೆ ನಾನು ಈವರೆಗೆ ಕೈಯಾರೆ ಕೊಟ್ಟ ಚಿಕಿತ್ಸೆ ಅದೊಂದೇ. ಮೊನ್ನೆ ಸಾಕೆಂದು ಕೈ ಹಿಂದೆಗೆದಾಗ ಮಾವ ಬಾಯಿ ತುಂಬ ಕಡ್ಡಿ ಇಟ್ಟುಕೊಂಡೇ ಒದರಿದರು:

“ಇನ್ನೊಂದು ಹಾಕು, ಹಿಡಿಸ್ತದೆ!”