ಬೆನ್ನು ಮೇಲಾಗಿ ಜೋಡಿಸಿದ ಹೂವು

ಕತೆ ಹೇಳುವುದು ನನ್ನ ಕಸುಬಲ್ಲ. ಮೆರುಗು ಹೆಂಚಿನ ಚೂರು ಜೋಡಿಸುವುದು ನನ್ನ ಕಸುಬು. ಅಕ್ಷರ ಕಲಿತದ್ದೂ ದೊಡ್ಡವಳಾದ ಮೇಲೆ, ಸಂಜೆ ಶಾಲೆಯಲ್ಲಿ. ಎಲ್ಲಾದರೂ ತಪ್ಪಿದರೆ ಕ್ಷಮಿಸಬೇಕು, ನಮ್ಮ ಗಲ್ಲಿಯವರಾದರೆ ತಿದ್ದಬೇಕು. ಆದರೆ ನಾನು ಜೋಡಿಸಿದ ಹೂವಿನ ಫಲಕ ಎದ್ದು ನಿಂತ ಬೆಳಗು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹೇಳದೆ ಇರಲಾರೆ.

ಫೆಸ್ ಊರಿನ ಹಳೇ ಪಟ್ಟಣದಲ್ಲಿ ನಮ್ಮ ಗಲ್ಲಿಯ ನೀರಿನ ಕಟ್ಟೆಯ ಗೋಡೆಗೆ ಎರಡು ಹೂಗಳಿದ್ದವಂತೆ, ನಲ್ಲಿಯ ಎಡಕ್ಕೊಂದು, ಬಲಕ್ಕೊಂದು. ಎಡದ್ದು ಉಳಿದಿದೆ. ಅದರ ದಳಗಳೆಲ್ಲ ಬಲಕ್ಕೆ ಬಾಗಿ, ಗಾಳಿಗೆ ಸಿಕ್ಕ ಗಿರಗಿಟ್ಲೆಯಂತೆ ತಿರುಗುತ್ತಿರುವ ಹಾಗೆ ಕಾಣುತ್ತವೆ. ಬಲದ್ದನ್ನು ನಾವು ಯಾರೂ ನೋಡಿಲ್ಲ. ಅದು ಉದುರಿಹೋಗಿ, ಮೇಲೆ ಯಾರೋ ಸಿಮೆಂಟು ಮೆತ್ತಿದ್ದರು. ಅದನ್ನು ಹೊಸದಾಗಿ ಮಾಡುವ ಕೆಲಸ ನಮ್ಮ ಅಲ್ಲಾಲ್ ಮೇಸ್ತ್ರಿಗೆ ಬಂತು. ಅವರು ಎಲ್ಲರೆದುರು ನನ್ನತ್ತ ಕೈ ತೋರಿಸಿ ಹೇಳಿಬಿಟ್ಟರು: "ಜೋಡಿಸೋದು ಬತೂಲ್. ಇದು ಸರಿಯಾಗಿ ಎದ್ರೆ ಮದರಸದ ಅಂಗಳದ ಕೆಲಸಾನೂ ಅವಳದ್ದೇ. ಏಳದಿದ್ರೆ ಮತ್ತೆ ಉಳಿ ಹಿಡ್ಕೊಂಡು ಚೂರು ಕತ್ತರಿಸ್ತಾ ಕೂರ್ಲಿ."

ಹೆಂಗಸೊಬ್ಬಳು ಜೋಡಿಸಲು ಕೂತದ್ದು ನಮ್ಮ ಕೆಲಸದ ಅಂಗಳದಲ್ಲಿ ಅದೇ ಮೊದಲು.

ನಮ್ಮಲ್ಲಿ ಚೂರುಗಳನ್ನು ಮುಖ ಕೆಳಗೆ ಮಾಡಿ ನೆಲದ ಮೇಲೆ ಜೋಡಿಸುತ್ತೇವೆ. ಕಣ್ಣಿಗೆ ಕಾಣುವುದು ಬರೀ ಮಣ್ಣಿನ ಬೆನ್ನು. ಮೇಲೆ ಗಾರೆ ಸುರಿದು, ಅದು ಬಿಗಿದ ಮೇಲೆ ಎತ್ತಿ ನಿಲ್ಲಿಸಿದಾಗಲೇ ಬಣ್ಣ, ಹೂವು, ಮಾನ, ಅವಮಾನ ಎಲ್ಲ ಬಯಲಾಗುವುದು. ಅದಕ್ಕೇ ಗೋಡೆಯಲ್ಲಿ ಉಳಿದಿದ್ದ ಎಡದ ಹೂವಿನಿಂದ ತೆಳುಕಾಗದಕ್ಕೆ ಇಳಿಸಿಕೊಂಡ ನಕ್ಷೆಯನ್ನು ಮಗುಚಿ ಹಾಸಿ, ಅದರ ಪ್ರಕಾರ ಜೋಡಿಸಬೇಕು. ಮಗುಚದಿದ್ದರೆ ಹೂವು ಉಲ್ಟಾ ತಿರುಗುತ್ತದೆ.

ಎತ್ತುವ ದಿನ ಅಂಗಳ ತುಂಬ ಜನ. ಗಂಡಸರು ಫಲಕದ ಅಂಚಿಗೆ ಕೈಯಿಟ್ಟರು. ಮೇಸ್ತ್ರಿ ಕೂಗಿದರು:

"ಬಿಸ್ಮಿಲ್ಲಾ! ಏಯ್, ನಿನ್ನ ಮೂಲೆ ಎತ್ತಯ್ಯ, ಮಾವನ ಮನೇಲಿ ಮಂಚ ಎತ್ತೋ ಹಾಗೆ ಎತ್ಬೇಡ!"

ಫಲಕ ಎದ್ದಿತು. ಮೇಲಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಹಸಿರು, ಬಿಳಿ, ಜೇನುಬಣ್ಣ! ಒಂದು ಚೂರೂ ಅಲುಗಿರಲಿಲ್ಲ, ಒಂದು ಸಂದೂ ಬಾಯಿ ಬಿಟ್ಟಿರಲಿಲ್ಲ. ಎದುರುಮನೆಯ ಲಲ್ಲಾ ಖದ್ದೂಜ್ ಮದುವೆಮನೆಯಲ್ಲಿ ಹಾಕುವ ಹಾಗೆ ನಾಲಿಗೆ ಆಡಿಸಿ ಕೇಕೆ ಹಾಕಿದಳು. ನಾನು ನಗಲು ಬಾಯಿ ತೆರೆದೆ.

ಆಗ ದಳಗಳನ್ನು ನೋಡಿದೆ. ಎಲ್ಲವೂ ಎಡಕ್ಕೆ ಬಾಗಿದ್ದವು.

ಅಲ್ಲಾಲ್ ಮೇಸ್ತ್ರಿ ತಲೆ ಓರೆ ಮಾಡಿದರು. "ಬತೂಲ್, ಕಾಗದ ಮಗುಚಿದ್ಯಾ?"

"ಇಲ್ಲ ಅನ್ಸತ್ತೆ, ಮೇಸ್ತ್ರಿ." ಎಂದೆ.

"ಅನ್ಸತ್ತೆ ಅಂತೆ! ಸಂಜೆ ಶಾಲೇಲಿ ಕನ್ನಡಿ ಪಾಠ ಮಾಡೋ ದಿನ ಅಮ್ಮಾವ್ರು ರಜ ಹಾಕಿದ್ರೇನೋ!" ಎಂದು ಯಾರೋ ಹಿಂದಿನಿಂದ ಕಿಚಾಯಿಸಿದರು. ಜನ ನಕ್ಕರು. ಅದರಲ್ಲಿ ವಿಷವಿರಲಿಲ್ಲ. ಆದರೂ ಮದರಸದ ಅಂಗಳ ಕಣ್ಣೆದುರೇ ಜಾರಿಹೋಯಿತು.

"ಒಡೆದು ಮತ್ತೆ ಜೋಡಿಸ್ತೀನಿ," ಎಂದೆ.

ಮೇಸ್ತ್ರಿ ಉತ್ತರಿಸುವ ಮೊದಲೇ ಹೊರಗೆ ನೀರಿನ ಕಟ್ಟೆಯ ಕಡೆಯಿಂದ ಕೂಗು ಬಂತು. ಗೋಡೆಯ ಕೆಲಸದ ಬೂಶ್ತಾ! ಸಿಮೆಂಟೆಲ್ಲ ಕೆತ್ತಿ ಮುಗಿಸಿ, ಫಲಕ ಕೂರಿಸಲೆಂದು ಹಳೆಯ ಸುಣ್ಣದ ಗಾರೆಗೆ ನೀರು ಚಿಮುಕಿಸುತ್ತಿದ್ದವನು.

"ಮೇಸ್ತ್ರೀ! ಓಡಿ ಬನ್ನಿ! ಗೋಡೆ ಒಳಗೆ ಹೂವು ಏಳ್ತಾ ಇದೆ!"

"ಬಿಸಿಲಿಗೆ ತಲೆ ತಿರುಗ್ತೇನೋ ನಿಂಗೆ?"

"ನಂದಲ್ಲ, ಹೂವು ತಿರುಗ್ತಿದೆ! ಬನ್ನಿ, ಆರೋದ್ರೊಳಗೆ ಬನ್ನಿ!"

ಎಲ್ಲರೂ ಓಡಿದೆವು. ಒಣಗಿದ್ದಾಗ ಬರೀ ಬೂದಿಯ ಹಾಗಿದ್ದ ಗಾರೆ ನೀರು ಕುಡಿಯುತ್ತಿತ್ತು. ಉದುರಿಹೋದ ಚೂರುಗಳು ಒತ್ತಿದ್ದ ಗುಳಿಗಳು ಬೇಗ ಆರಿ ತಿಳಿಬಣ್ಣಕ್ಕೆ ತಿರುಗಿದವು, ಅವುಗಳ ನಡುವಿನ ಸಂದುಗಳು ಒದ್ದೆಯಾಗಿ ಕಪ್ಪಾಗೇ ಉಳಿದವು. ಗೆರೆ ಗೆರೆಯಾಗಿ ಒಂದು ಹೂವು ಮೂಡಿತು. ದಳಗಳೆಲ್ಲ ಎಡಕ್ಕೆ ಬಾಗಿದ್ದವು!

ಕಟ್ಟಿದವರು ಎರಡು ಹೂಗಳನ್ನು ಎದುರುಬದುರಾಗಿ, ನಲ್ಲಿಯ ಕಡೆಗೆ ತಿರುಗುವಂತೆ ಮಾಡಿದ್ದರು. ನಾವೆಲ್ಲ ಒಂದನ್ನೇ ನೋಡಿ ಇನ್ನೊಂದೂ ಹಾಗೇ ಎಂದುಕೊಂಡಿದ್ದೆವು.

"ತನ್ನಿ! ತನ್ನಿ ಫಲಕಾನ!" ಮೇಸ್ತ್ರಿಯ ದನಿ ಒಡೆದಿತ್ತು. ಹೊತ್ತು ತಂದರು. ಬೂಶ್ತಾ ಗಾರೆ ಎರಚಿದ, ಫಲಕವನ್ನು ಒತ್ತಿ ಹಿಡಿದರು, ನಾನು ಮರದ ಕೊಡತಿಯಿಂದ ಮೆಲ್ಲಗೆ ತಟ್ಟುತ್ತ ಹೋದೆ. ಹೂವು ತನ್ನ ಹಳೆಯ ಗೂಡಿನಲ್ಲಿ ಕೂತಿತು. ಸಂಜೆಗೆ ನಲ್ಲಿ ಬಿಟ್ಟಾಗ ಲಲ್ಲಾ ಖದ್ದೂಜ್ ಮೊದಲ ಬೊಗಸೆ ನೀರನ್ನು ನನ್ನ ಮುಖಕ್ಕೇ ಎರಚಿದಳು.

"ನಾನು ಮರೆತಿದ್ದೆ ಮೇಸ್ತ್ರಿ," ಎಂದು ಮತ್ತೊಮ್ಮೆ ಹೇಳಿದೆ. ಹೊಗಳಿಕೆ ಸುಮ್ಮನೆ ತೆಗೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ.

"ಕೇಳಿಸ್ತು, ಮಹಾತಾಯಿ. ಬೆಳಗ್ಗೆ ಮದರಸಕ್ಕೆ ಬಾ. ಅಲ್ಲಿ ಕಾಗದ ನಾನು ಮಗುಚ್ತೀನಿ. ನೀನು ಅದನ್ನ ಮುಟ್ಟೋ ಹಾಗಿಲ್ಲ."

ಒಂದು ಮಾತು ಮಾತ್ರ ನನಗೆ ಬಗೆಹರಿದಿಲ್ಲ. ನಕ್ಷೆ ಹಾಸುವ ಹಿಂದಿನ ದಿನ, ಸಿಮೆಂಟು ಕಿತ್ತುಬಂದಿದ್ದ ಒಂದು ಮೂಲೆಯನ್ನು ನಾನೇ ಒದ್ದೆ ಕುಂಚದಿಂದ ತೊಳೆದಿದ್ದೆ. ಅಲ್ಲಿ ಒಂದು ದಳದ ಗುರುತಾದರೂ ಕಂಡಿತ್ತೇ? ಕಂಡ ನೆನಪಿಲ್ಲ. ಕಾಗದವನ್ನು ಮಗುಚದೆ ಬಿಟ್ಟದ್ದು ನನ್ನ ಮರೆವೋ, ಆ ಮೂಲೆಯನ್ನು ಮುಟ್ಟಿದ್ದ ನನ್ನ ಬೆರಳುಗಳಿಗೆ ಹೂವಿನ ತಿರುವು ಮೊದಲೇ ಗೊತ್ತಿತ್ತೋ, ನನಗೆ ಗೊತ್ತಿಲ್ಲ.